ಯುವಾನ್ ನೋಟು ಮತ್ತು ಒಂದು ಬಾಕಿ ಅರ್ಜಿ: ಟಿಬೆಟಿಯನ್ ನಿರಾಶ್ರಿತರ ಸುದ್ದಿಯ ಒಂದು ಪ್ರಕರಣ ಅಧ್ಯಯನ

2011ರ ಜನವರಿ ಕೊನೆಯ ವಾರ. ಹಿಮಾಚಲ ಪ್ರದೇಶದ ಊನಾ ಜಿಲ್ಲೆಯ ತಪಾಸಣಾ ನಾಕೆಯಲ್ಲಿ ಪೊಲೀಸರು ಒಂದು ಕಾರು ನಿಲ್ಲಿಸಿದರು. ಒಳಗೆ ಒಂದು ಕೋಟಿ ರೂಪಾಯಿ ನಗದು. ಧರ್ಮಶಾಲಾ ಬಳಿಯ ಒಂದು ಜಮೀನು ವ್ಯವಹಾರದ ದುಡ್ಡು ಅದು ಎಂದು ವಿಚಾರಣೆಯಲ್ಲಿ ಗೊತ್ತಾಯಿತು. ಎಳೆ ಹಿಡಿದು ಹೊರಟ ಪೊಲೀಸರು ಸಿದ್ಧಬಾರಿಯ ಒಂದು ಬೌದ್ಧ ಮಠಕ್ಕೆ ಹೋದರು. ಅಲ್ಲಿ ಪೆಟ್ಟಿಗೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳ ನೋಟುಗಳು ಸಿಕ್ಕವು. ಒಟ್ಟು ಬೆಲೆ ಆರೇಳು ಕೋಟಿ ರೂಪಾಯಿ. ಅದರಲ್ಲಿ ಅಮೆರಿಕದ ಡಾಲರ್‌ನದೇ ದೊಡ್ಡ ಪಾಲು. ಚೀನಾದ ಯುವಾನ್ ಕೂಡ ಇತ್ತು.

ಮರುದಿನದಿಂದ ಸುದ್ದಿಯೆಲ್ಲ ಯುವಾನ್‌ದೇ ಆಯಿತು. ಆ ಮಠದಲ್ಲಿ ತಂಗಿದ್ದ ಹಿರಿಯ ಲಾಮಾ ಚೀನಾದ ಬೇಹುಗಾರರೇ ಎಂಬ ಪ್ರಶ್ನೆ ಟಿವಿ ಪರದೆಯ ಕೆಳಪಟ್ಟಿಯಲ್ಲಿ ವಾರಗಟ್ಟಲೆ ಓಡಿತು.

ನೆಲೆ ತಪ್ಪಿ ಬಂದ ಒಂದು ಸಮುದಾಯದ ಒಳರಾಜಕೀಯವನ್ನು ಪತ್ರಿಕೆಗಳು ಹೇಗೆ ಓದುತ್ತವೆ, ಎಲ್ಲಿ ತಪ್ಪು ಓದುತ್ತವೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ. ಬೈಲಕುಪ್ಪೆ, ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆ ಟಿಬೆಟಿಯನ್ ಕ್ಯಾಂಪುಗಳ ಸುದ್ದಿ ಬರೆಯುವವರಿಗೆ ಇದು ನೇರವಾಗಿ ಬೇಕಾದ್ದು. ಲಾಮಾ, ಖಜಾಂಚಿ, ಟ್ರಸ್ಟ್, ಪತ್ರಿಕೆ, ವಾಹಿನಿ ಯಾವುದರ ಹೆಸರನ್ನೂ ಇಲ್ಲಿ ಹೇಳಿಲ್ಲ. ಹುಡುಕುವವರಿಗೆ ಸಿಗದಿರುವಂಥದ್ದೇನೂ ಅಲ್ಲ. ಆದರೆ ಯಾರು ಎನ್ನುವುದು ನಡುವೆ ಬಂದರೆ ಯಾವ ಹೊತ್ತಿನಲ್ಲಿ ಯಾವ ನಿರ್ಧಾರ ತಪ್ಪಿತು ಎನ್ನುವುದು ಮಸುಕಾಗುತ್ತದೆ.

ಕಥೆ ಮೊದಲೇ ಸಿದ್ಧವಿತ್ತು

ಆ ಲಾಮಾ ಟಿಬೆಟಿಯನ್ ಬೌದ್ಧರ ಒಂದು ದೊಡ್ಡ ಪರಂಪರೆಯ ಮುಖ್ಯಸ್ಥರು. 1992ರಲ್ಲಿ, ಏಳು ವರ್ಷದ ಹುಡುಗನಾಗಿದ್ದಾಗ, ಅವರನ್ನು ಅವತಾರಿ ಎಂದು ದಲೈ ಲಾಮಾ ಒಪ್ಪಿದರು, ಬೀಜಿಂಗ್ ಸರ್ಕಾರವೂ ಒಪ್ಪಿತು. ಇಬ್ಬರೂ ಒಪ್ಪಿದ್ದು ಅಪರೂಪದ ಸಂಗತಿ, ಅನುಮಾನದ ಮೊದಲ ಬೀಜ ಬಿದ್ದದ್ದೂ ಅಲ್ಲೇ. 1999ರ ಕೊನೆಯಲ್ಲಿ, 14ನೇ ವಯಸ್ಸಿನಲ್ಲಿ, ಲ್ಹಾಸಾ ಬಳಿಯ ತಮ್ಮ ಮಠದಿಂದ ತಪ್ಪಿಸಿಕೊಂಡು ನೇಪಾಳದ ಮೂಲಕ 2000ದ ಜನವರಿ 5ರಂದು ಧರ್ಮಶಾಲಾ ಸೇರಿದರು. ಅಷ್ಟು ಬಿಗಿ ಕಾವಲಿನಲ್ಲಿ ಒಬ್ಬ ಹುಡುಗ ಹೇಗೆ ಹೊರಬಿದ್ದ ಎಂಬ ಪ್ರಶ್ನೆ ಅಂದೇ ಹುಟ್ಟಿತು, ಪೂರ್ತಿ ಸಾಯಲೇ ಇಲ್ಲ.

ಇನ್ನೊಂದು ತೊಡಕೂ ಇತ್ತು. ಅದೇ ಪೀಠಕ್ಕೆ ಇನ್ನೊಬ್ಬ ಹಕ್ಕುದಾರರಿದ್ದರು, ಅವರಿಗೂ ಸ್ವದೇಶದಲ್ಲಿ, ಪರದೇಶದಲ್ಲಿ ಅನುಯಾಯಿಗಳಿದ್ದರು. ಪರಂಪರೆಯ ಭಾರತದ ಕೇಂದ್ರ ಸಿಕ್ಕಿಂನ ರುಮ್ಟೆಕ್ ಮಠ. ಅದು ಗಡಿ ರಾಜ್ಯ, ಮೇಲಾಗಿ ಮಠ ಯಾರದೆಂಬ ವ್ಯಾಜ್ಯ ಬೇರೆ. ಭಾರತ ಸರ್ಕಾರ ಅಲ್ಲಿಗೆ ಹೋಗಲು ಲಾಮಾಗೆ ಅನುಮತಿ ಕೊಟ್ಟಿರಲಿಲ್ಲ. ಹೀಗಾಗಿ ತಮ್ಮದಲ್ಲದ ಇನ್ನೊಂದು ಪಂಥದ ಮಠದಲ್ಲಿ, ಹತ್ತು ವರ್ಷ ದಾಟಿದರೂ, ಅತಿಥಿಯಾಗಿಯೇ ಇದ್ದರು.

ಕಾಲವೂ ಹಾಗೇ ಕೂಡಿಬಂದಿತ್ತು. ದಲೈ ಲಾಮಾಗೆ ಆಗ 75 ತುಂಬಿತ್ತು. 2011ರ ಮಾರ್ಚ್‌ನಲ್ಲಿ ಅವರು ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕರಿಗೆ ಬಿಟ್ಟುಕೊಡುವುದಾಗಿ ಹೇಳಿದರು. ಅದೇ ತಿಂಗಳ 20ಕ್ಕೆ ದೇಶವಿದೇಶದ ಟಿಬೆಟಿಯನ್ನರು ಮತ ಹಾಕಿ, ಏಪ್ರಿಲ್‌ನಲ್ಲಿ ಲೋಬ್ಸಾಂಗ್ ಸಾಂಗೇ ಸುಮಾರು ಶೇ 55 ಮತ ಪಡೆದು ಧರ್ಮಶಾಲಾದ ಟಿಬೆಟಿಯನ್ ಆಡಳಿತದ ಮುಖ್ಯಸ್ಥರಾಗಿ ಗೆದ್ದರು. ಮಠದ ಮೇಲಿನ ದಾಳಿ ಆ ಮತದಾನಕ್ಕೆ ಸುಮಾರು ಎರಡು ತಿಂಗಳ ಹಿಂದಿನದು. 'ದಲೈ ಲಾಮಾ ನಂತರ ಯಾರು?' ಎಂಬುದೇ ಎಲ್ಲರ ಬಾಯಲ್ಲಿದ್ದ ಪ್ರಶ್ನೆ, ಆ ಪ್ರಶ್ನೆಯ ಜತೆ ಹೆಚ್ಚಾಗಿ ಅಚ್ಚಾಗುತ್ತಿದ್ದ ಫೋಟೊ ಈ ಲಾಮಾದು. ಚುನಾವಣೆಯ ಮೂಲಕ ನಾಯಕನನ್ನು ಆರಿಸುವ ವ್ಯವಸ್ಥೆ ಸಮುದಾಯದ ಒಳಗೆ ಬೆಳೆಯುತ್ತಿದ್ದಾಗ, ಹೊರಗಿನ ಪತ್ರಿಕೆಗಳು ಇನ್ನೂ ಅವತಾರಪುರುಷರ ಸರದಿ ನೋಡುತ್ತಿದ್ದವು. ಪೆಟ್ಟಿಗೆಯಲ್ಲಿ ಯುವಾನ್ ಕಂಡದ್ದೇ ತಡ, ಹನ್ನೊಂದು ವರ್ಷದಿಂದ ಅರ್ಧಕ್ಕೆ ನಿಂತಿದ್ದ ಕಥೆ ಪೂರ್ತಿಯಾದಂತೆ ಎಲ್ಲರಿಗೂ ಅನಿಸಿತು.

ಕಾಣಿಕೆ ಹರಿಯುವ ದಾರಿ

ಹಣ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಒಂದು ದರ್ಶನದ ಸಾಲನ್ನು ನೋಡಿದ್ದರೆ ಸಾಕಿತ್ತು. ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಸಾರ್ವಜನಿಕ ದರ್ಶನ ಇರುತ್ತಿತ್ತು. ಭಕ್ತರು ಎರಡೂ ಕೈಯಲ್ಲಿ ಖತಾ ಎಂಬ ಬಿಳಿ ವಸ್ತ್ರ ಹಿಡಿದು ಸಾಲಾಗಿ ಬರುತ್ತಾರೆ. ಲಾಮಾ ಅದನ್ನು ಮುಟ್ಟಿ ತಿರುಗಿ ಅವರ ಕೊರಳಿಗೇ ಹಾಕುತ್ತಾರೆ, ಕೆಂಪು ರಕ್ಷಾದಾರ ಕೊಡುತ್ತಾರೆ. ಖತಾದ ಮಡಿಕೆಯಲ್ಲೋ ಬೇರೆಯಾಗಿಯೋ ಒಂದು ಲಕೋಟೆ ಇರುತ್ತದೆ. ಅದು ಪಕ್ಕದಲ್ಲಿ ನಿಂತ ಸೇವಕ ಭಿಕ್ಷುವಿನ ಕೈಗೆ ಹೋಗುತ್ತದೆ. ಲಕೋಟೆಯ ಮೇಲೆ ಬರೆದಿದ್ದರೆ, ಅದು ಸಾಮಾನ್ಯವಾಗಿ ಕೊಟ್ಟವರ ಹೆಸರಾಗಿರುವುದಿಲ್ಲ. ಯಾರಿಗಾಗಿ ಪ್ರಾರ್ಥನೆಯೋ ಅವರ ಹೆಸರು: ತೀರಿಹೋದ ತಾಯಿ, ಆಸ್ಪತ್ರೆಯಲ್ಲಿರುವ ಮಗ. ರಸೀದಿ ಯಾರೂ ಕೇಳುವುದಿಲ್ಲ, ಕೊಡುವುದೂ ಇಲ್ಲ. ನಮ್ಮ ಮಂಗಳಾರತಿ ತಟ್ಟೆಗೆ ಹಾಕಿದ ದುಡ್ಡಿಗೆ ರಸೀದಿ ಕೇಳುವವರುಂಟೆ?

ಈ ಪರಂಪರೆಗೆ 1970ರ ದಶಕದಿಂದಲೇ ಅಮೆರಿಕ, ಯುರೋಪಿನಲ್ಲಿ ಕೇಂದ್ರಗಳಿವೆ. ತೈವಾನ್, ಹಾಂಗ್‌ಕಾಂಗ್, ಮಲೇಷ್ಯಾ, ಸಿಂಗಪುರದಲ್ಲಿ ದೊಡ್ಡ ಭಕ್ತವರ್ಗ. ಟಿಬೆಟ್‌ನಿಂದ, ಚೀನಾದಿಂದ ಯಾತ್ರೆಗೆ ಬರುವವರೂ ಇದ್ದರು. ಟಿಬೆಟ್‌ನಲ್ಲಿ ಚಲಾವಣೆಯಲ್ಲಿರುವುದು ಯುವಾನ್, ಅಲ್ಲಿಂದ ಬಂದವರು ಕೊಡುವುದೂ ಅದನ್ನೇ. ಇದು ಕ್ಯಾಂಪಿನ ಯಾವ ಅಂಗಡಿಯವನನ್ನು ಕೇಳಿದ್ದರೂ ಒಂದು ನಿಮಿಷದಲ್ಲಿ ಗೊತ್ತಾಗುತ್ತಿದ್ದ ಸಂಗತಿ.

ಅಸಲಿ ತೊಡಕು ಕಾಗದದಲ್ಲಿತ್ತು

ಹಾಗೆಂದು ಎಲ್ಲವೂ ಸರಿಯಿತ್ತು ಎಂದಲ್ಲ. ತೊಡಕು ಇದ್ದದ್ದು ನಿಜ, ಮೂರು ಬೇರೆ ಬೇರೆ ಕಾನೂನುಗಳಲ್ಲಿ ಇತ್ತು. ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡಿದ್ದರಿಂದಲೇ ಸುದ್ದಿ ಕೆಟ್ಟಿತು.

ಮೊದಲನೆಯದು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ದಾಳಿಯ ದಿನ ಜಾರಿಯಲ್ಲಿದ್ದದ್ದು 1976ರ ಕಾಯ್ದೆ. 2010ರ ಹೊಸ ಕಾಯ್ದೆ ಸಂಸತ್ತಿನಲ್ಲಿ ಪಾಸಾಗಿದ್ದರೂ ಜಾರಿಗೆ ಬಂದದ್ದು 2011ರ ಮೇ 1ರಂದು. ಧಾರ್ಮಿಕ ಸಂಸ್ಥೆಯೊಂದು ವಿದೇಶಿಯರಿಂದ ಹಣ ಪಡೆಯಬೇಕಾದರೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು, ಗೊತ್ತುಪಡಿಸಿದ ಒಂದು ಬ್ಯಾಂಕ್ ಖಾತೆಯ ಮೂಲಕವೇ ಹಣ ಬರಬೇಕು. ವಿದೇಶಿ ಯಾತ್ರಿ ಭಾರತದ ನೆಲದಲ್ಲಿ ನಿಂತು ಲಕೋಟೆ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಲಾಮಾ ಕಚೇರಿ ಹೇಳಿದ್ದು: ಅನುಮತಿಗೆ ಅರ್ಜಿ ಹಾಕಿದ್ದೇವೆ, ಇನ್ನೂ ಸಿಕ್ಕಿಲ್ಲ, ಅದಕ್ಕೇ ಹಣ ಪೆಟ್ಟಿಗೆಯಲ್ಲಿದೆ. ಖಾತೆಗೆ ಹಾಕಿದರೆ ಕಾನೂನು ಮುರಿದಂತೆ, ಬೇಡವೆಂದರೆ ಭಕ್ತರಿಗೆ ಅವಮಾನ, ಇಟ್ಟುಕೊಂಡರೆ ರಾಶಿ ಬೆಳೆಯುತ್ತದೆ. ಇಟ್ಟುಕೊಂಡರು.

ಎರಡನೆಯದು ಫೆಮಾ, 1999ರ ವಿದೇಶಿ ವಿನಿಮಯ ಕಾಯ್ದೆ. ಭಾರತದಲ್ಲಿ ನೆಲೆಸಿರುವವರು ತಮ್ಮಲ್ಲಿ ಇಟ್ಟುಕೊಳ್ಳಬಹುದಾದ ವಿದೇಶಿ ನೋಟಿನ ಮಿತಿ 2,000 ಡಾಲರ್. ಮಿಕ್ಕಿದ್ದನ್ನು ಗಡುವಿನೊಳಗೆ ಅಧಿಕೃತ ವಿನಿಮಯದಾರರಿಗೆ ಒಪ್ಪಿಸಬೇಕು. ಪೆಟ್ಟಿಗೆಗಳಲ್ಲಿದ್ದದ್ದು ಇದರ ನೂರಾರು ಪಟ್ಟು. ಇಲ್ಲಿ 'ಅರ್ಜಿ ಬಾಕಿ ಇದೆ' ಎಂಬ ವಿವರಣೆ ನಡೆಯುವುದಿಲ್ಲ. ಆದರೆ ಫೆಮಾ ಉಲ್ಲಂಘನೆ ಮೂಲತಃ ಸಿವಿಲ್ ಸ್ವರೂಪದ್ದು, ದಂಡ ಹಾಕುವಂಥದ್ದು. ಬೇಹುಗಾರಿಕೆಗೆ ಬಳಸುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಆ ಕಾಯ್ದೆಯಡಿ ಈ ಪ್ರಕರಣದಲ್ಲಿ ದೂರು ದಾಖಲಾಗಲೇ ಇಲ್ಲ. 'ಯಾವ ಕಾಯ್ದೆಯ ಯಾವ ಕಲಂ?' ಎಂದು ಪೊಲೀಸ್ ಠಾಣೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದರೂ ಅರ್ಧ ಶೀರ್ಷಿಕೆಗಳು ಅಚ್ಚಾಗುತ್ತಿರಲಿಲ್ಲ.

ಮೂರನೆಯದು ಜಮೀನು. ಹಿಮಾಚಲದ 1972ರ ಗೇಣಿ ಮತ್ತು ಭೂ ಸುಧಾರಣಾ ಕಾಯ್ದೆಯ 118ನೇ ಕಲಂ ಪ್ರಕಾರ ಅಲ್ಲಿನ ಕೃಷಿಕರಲ್ಲದವರಿಗೆ ರಾಜ್ಯ ಸರ್ಕಾರದ ಅನುಮತಿ ಇಲ್ಲದೆ ಜಮೀನು ವರ್ಗಾಯಿಸುವಂತಿಲ್ಲ. ಬೆಂಗಳೂರಿನ ಶ್ರೀಮಂತನಿಗೂ ಇದೇ ಕಟ್ಟು, ಟಿಬೆಟಿಯನ್ ನಿರಾಶ್ರಿತನಿಗೂ ಇದೇ ಕಟ್ಟು. ಸ್ವಂತ ಮಠವಿಲ್ಲದ ಪೀಠಕ್ಕೆ ಜಾಗ ಬೇಕು, ಜಾಗ ಕೊಳ್ಳಲು ಅನುಮತಿ ಬೇಕು, ಅದು ವರ್ಷಗಟ್ಟಲೆ ಎಳೆಯುತ್ತದೆ. ಇಂಥ ಕಡೆ ಮಧ್ಯವರ್ತಿ, ನಗದು, ಬೇರೆಯವರ ಹೆಸರು ಎಲ್ಲ ನುಸುಳುತ್ತವೆ. ನಾಕೆಯಲ್ಲಿ ಸಿಕ್ಕ ಒಂದು ಕೋಟಿಯ ಕಥೆ ಇದು. ತನಿಖೆ ಮಾಡಬೇಕಾದ ಗಂಭೀರ ವಿಷಯವೂ ಇದೇ. ಯಾರಿಂದ, ಯಾರಿಗೆ, ಯಾವ ಸರ್ವೆ ನಂಬರಿಗೆ ಎಂದು ಕೆದಕಿದ್ದರೆ ಒಳ್ಳೆಯ ಸುದ್ದಿ ಸಿಗುತ್ತಿತ್ತು. ಯುವಾನ್ ಅದನ್ನು ಒಳಪುಟಕ್ಕೆ ತಳ್ಳಿತು.

ಹೋಲಿಕೆಗೆ ಒಂದು ಮಾತು. ತಿರುಪತಿ ಹುಂಡಿಗೆ ಬಿದ್ದ ವಿದೇಶಿ ನೋಟುಗಳೂ ಎಫ್‌ಸಿಆರ್‌ಎ ತೊಡಕಿಗೆ ಸಿಕ್ಕಿ ಬ್ಯಾಂಕಿಗೆ ಜಮೆಯಾಗದೆ ಕೂತಿದ್ದವು. ಗೃಹ ಸಚಿವಾಲಯ ದಂಡ ಹಾಕಿದ ವಿಷಯ 2023ರಲ್ಲಿ ಸುದ್ದಿಯಾಯಿತು. ಅದು ಲೆಕ್ಕಪತ್ರದ ಸುದ್ದಿಯಾಗಿಯೇ ಬಂತು, ಹಾಗೆಯೇ ಬರಬೇಕಿತ್ತು.

ಸುದ್ದಿಮನೆಯ ನಿರ್ಧಾರಗಳು

ಮೊದಲ ಮೂರ್ನಾಲ್ಕು ದಿನ ವರದಿಗಳ ಆಧಾರ ಒಂದೇ ಕಡೆಯದು: ಹೆಸರಿಲ್ಲದ ಪೊಲೀಸ್ ಮತ್ತು ಗುಪ್ತಚರ ಮೂಲಗಳು. ಧರ್ಮಶಾಲಾದಲ್ಲಿ ಟಿಬೆಟಿಯನ್ ಭಾಷೆ ಬಲ್ಲ ವರದಿಗಾರರು ಇರಲಿಲ್ಲವೆಂದಲ್ಲ, ಆದರೆ ಸುದ್ದಿ ಬರೆಯುತ್ತಿದ್ದದ್ದು ಹೆಚ್ಚಾಗಿ ದೆಹಲಿಯ ರಕ್ಷಣಾ ಮತ್ತು ಅಪರಾಧ ವಿಭಾಗದವರು. ಇದು ಮೊದಲ ತಿರುವು. ಒಂದೇ ಘಟನೆ ಧಾರ್ಮಿಕ ವಿಭಾಗಕ್ಕೆ ಹೋಗಿದ್ದರೆ 'ಕಾಣಿಕೆ'ಯಾಗುತ್ತಿತ್ತು, ವಾಣಿಜ್ಯ ವಿಭಾಗಕ್ಕೆ ಹೋಗಿದ್ದರೆ 'ವಿನಿಮಯ ಉಲ್ಲಂಘನೆ'ಯಾಗುತ್ತಿತ್ತು. ಹೋದದ್ದು ರಕ್ಷಣಾ ವಿಭಾಗಕ್ಕೆ.

ಎರಡನೇ ತಿರುವು ಭಾಷೆಯದು. ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಏನನ್ನಾದರೂ ಬರೆಯಬಹುದು ಎಂಬ ಹಳೆಯ ಧೈರ್ಯ. ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸುವ ಡೆಸ್ಕಿನವರಿಗೆ ಇಲ್ಲಿ ಇನ್ನೊಂದು ಅಪಾಯ ಇದೆ. ನಮ್ಮಲ್ಲಿ 'ಎನ್ನಲಾಗಿದೆ', 'ಶಂಕಿಸಲಾಗಿದೆ', 'ತಿಳಿದುಬಂದಿದೆ' ಎಂಬ ಕರ್ತೃವಿಲ್ಲದ ಕ್ರಿಯಾಪದಗಳು ಎಷ್ಟು ಸಲೀಸಾಗಿ ಬರುತ್ತವೆಂದರೆ, ಅನ್ನುವವರು ಯಾರು ಎಂದು ಬರೆದವರಿಗೇ ಮರೆತುಹೋಗುತ್ತದೆ. 'ಚೀನಾದ ನಂಟಿದೆ ಎನ್ನಲಾಗಿದೆ' ಎಂಬ ವಾಕ್ಯವನ್ನು 'ಚೀನಾದ ನಂಟಿದೆ ಎಂದು ಹೆಸರು ಹೇಳಲು ಒಪ್ಪದ ಒಬ್ಬ ಅಧಿಕಾರಿ ಹೇಳಿದರು' ಎಂದು ಬಿಡಿಸಿ ಬರೆದು ನೋಡಿ. ಎರಡನೆಯದನ್ನು ಮುಖಪುಟಕ್ಕೆ ಕಳಿಸಲು ಕೈ ಹಿಂದೆ ಮುಂದೆ ನೋಡುತ್ತದೆ. ಹಾಗೆ ನೋಡಬೇಕು ಕೂಡ.

ಬೀಜಿಂಗ್‌ನ ಒಬ್ಬ ಅಧಿಕಾರಿ ಆರೋಪವನ್ನು ತಳ್ಳಿಹಾಕಿ, ಇದು ಭಾರತದ ಅಪನಂಬಿಕೆ ತೋರಿಸುತ್ತದೆ ಎಂದರು. ಆಗ ತಮಾಷೆ ಶುರುವಾಯಿತು. ಚೀನಾ ಸುಮ್ಮನಿದ್ದಿದ್ದರೆ 'ಮೌನವೇ ಸಮ್ಮತಿ', ನಿರಾಕರಿಸಿದರೆ 'ಸಮರ್ಥನೆಗೆ ಇಳಿದ ಚೀನಾ'. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ನಡುವೆ ಯಾವ ಉತ್ತರ ಕೊಟ್ಟರೂ ಹಗ್ಗ ಹುಡುಕುವುದು ನಿಲ್ಲುವುದಿಲ್ಲ.

ಸಮುದಾಯ ಮಾಡಿದ್ದು

ಇತ್ತ ಕಡೆಯೂ ತಪ್ಪು ಹೆಜ್ಜೆಗಳು ಕಡಿಮೆಯಿಲ್ಲ. ಮೊದಲ ಪ್ರತಿಕ್ರಿಯೆ ಭಕ್ತಿಯದು. ಸಾವಿರಾರು ಭಿಕ್ಷುಗಳು, ಗೃಹಸ್ಥರು ಮಠದ ಬಳಿ ಸೇರಿ ನಿಷ್ಠೆ ತೋರಿಸಿದರು, ಹಿಮಾಲಯದ ಬೌದ್ಧ ಪ್ರದೇಶಗಳಲ್ಲೂ ಪ್ರತಿಭಟನೆಗಳಾದವು. ಕ್ಯಾಮೆರಾಗೆ ಸಿಕ್ಕಿದ್ದು ಕೆಂಪು ವಸ್ತ್ರದ ಗುಂಪು, ಕೈಯಲ್ಲಿ ಫೋಟೊ. 'ನಮ್ಮ ಗುರು ತಪ್ಪು ಮಾಡಲಾರರು' ಎಂಬುದು ಭಕ್ತನಿಗೆ ಉತ್ತರ, ವರದಿಗಾರನಿಗೆ ಅಲ್ಲ. ಆ ಹೊತ್ತಿಗೆ ಬೇಕಾಗಿದ್ದದ್ದು ನಾಲ್ಕು ಹಾಳೆ: ಎಫ್‌ಸಿಆರ್‌ಎ ಅರ್ಜಿಯ ಸ್ವೀಕೃತಿ ಪ್ರತಿ, ಟ್ರಸ್ಟಿನ ನೋಂದಣಿ ಪತ್ರ, ಹಿಂದಿನ ವರ್ಷಗಳ ಲೆಕ್ಕ ಪರಿಶೋಧನೆ ವರದಿ, ಕರೆನ್ಸಿವಾರು ಪಟ್ಟಿ. ಕರೆನ್ಸಿವಾರು ಪಟ್ಟಿಯೊಂದನ್ನು ಮೊದಲ ದಿನವೇ ಕೈಗಿಟ್ಟಿದ್ದರೆ ಯುವಾನ್‌ನ ಪಾಲು ಎಷ್ಟು, ಡಾಲರ್‌ನದು ಎಷ್ಟು ಎಂದು ಓದುಗರೇ ಲೆಕ್ಕ ಹಾಕುತ್ತಿದ್ದರು.

ಎರಡನೆಯದು ಲಾಮಾ ಕಚೇರಿಯ ಹೇಳಿಕೆಗಳು. ಚೀನಾದ ನಂಟಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದು ಸರಿ. ಆದರೆ ಆರೋಪವನ್ನು ಅಲ್ಲಗಳೆಯಲು ಅದನ್ನೇ ಮತ್ತೆ ಮತ್ತೆ ಹೇಳಬೇಕಾಯಿತು. 'ಬೇಹುಗಾರನಲ್ಲ' ಎಂಬ ಹೇಳಿಕೆಯ ಶೀರ್ಷಿಕೆಯಲ್ಲಿ ಕಣ್ಣಿಗೆ ಬೀಳುವ ಪದ 'ಬೇಹುಗಾರ'. ಪರಿಣಾಮ ಬೀರಿದ್ದು ದಲೈ ಲಾಮಾ ಮಾತು. ಕಾಣಿಕೆ ಬರುವುದು ಸಹಜ, ಆದರೆ ನಿರ್ವಹಣೆಯಲ್ಲಿ ಅಜಾಗರೂಕತೆ ಆಗಿದೆ ಎಂಬ ಅರ್ಥದಲ್ಲಿ ಅವರು ಮಾತಾಡಿದರು. ತಪ್ಪಿನ ಸರಿಯಾದ ಗಾತ್ರವನ್ನು ಒಪ್ಪಿಕೊಂಡ ಮೊದಲ ಮಾತು ಅದು.

ಮೂರನೆಯದು ಹೊರಗಿನವರಿಗೆ ಕಾಣದ್ದು. ಮಠಗಳ ಲೆಕ್ಕದ ಬಗ್ಗೆ ಸಮುದಾಯದ ಒಳಗೇ ಗುಸುಗುಸು ಇತ್ತು, ಬರೆಯುವವರು ಇರಲಿಲ್ಲ. ಗುರುವಿನ ಹಣಕಾಸು ಕೇಳುವುದು ಗುರುನಿಂದೆ ಎಂಬ ಅಳುಕು. ಧರ್ಮಶಾಲಾದಲ್ಲಿ ಸ್ವತಂತ್ರವಾಗಿ ನಡೆಯುತ್ತಿದ್ದ 'ಮಾಂಗ್ತ್ಸೊ' ಎಂಬ ಟಿಬೆಟಿಯನ್ ಪತ್ರಿಕೆ, ಹೆಸರಿನ ಅರ್ಥವೇ ಪ್ರಜಾಪ್ರಭುತ್ವ, 1996ರಲ್ಲೇ ಮುಚ್ಚಿಹೋಗಿತ್ತು. ಒಳಗಿನ ಪತ್ರಿಕೆ ಮೆಲ್ಲಗೆ ಕೇಳಬೇಕಿದ್ದ ಪ್ರಶ್ನೆಯನ್ನು ಹೊರಗಿನ ವಾಹಿನಿ ಕಿರುಚಿ ಕೇಳಿತು, ಪ್ರಶ್ನೆಯನ್ನೇ ಬದಲಿಸಿ ಕೇಳಿತು. ಪೀಠದ ಎದುರು ಬಣದವರಿಗೂ ಇದು ಅನುಕೂಲದ ಹೊತ್ತು. 'ಮೂಲಗಳು' ಎಂದು ಅಚ್ಚಾದವರಲ್ಲಿ ಯಾರು ಯಾವ ಬಣಕ್ಕೆ ಹತ್ತಿರ ಎಂದು ನೋಡುವ ಅಭ್ಯಾಸ ದೆಹಲಿಯ ವರದಿಗಳಲ್ಲಿ ಕಾಣಲಿಲ್ಲ.

ಆಮೇಲೆ ಏನಾಯಿತು

ಫೆಬ್ರವರಿಯಲ್ಲೇ ಹಿಮಾಚಲ ಸರ್ಕಾರದ ಉನ್ನತ ಅಧಿಕಾರಿಯೊಬ್ಬರು ಹಣ ಭಕ್ತರ ಕಾಣಿಕೆ, ಹಣಕಾಸು ವ್ಯವಹಾರದಲ್ಲಿ ಲಾಮಾ ಪಾತ್ರವಿಲ್ಲ ಎಂದರು. ಸುದ್ದಿ ತಣ್ಣಗಾಯಿತು. ಆದರೆ ಡಿಸೆಂಬರ್‌ನಲ್ಲಿ ಪೊಲೀಸರು ಸಲ್ಲಿಸಿದ ದೋಷಾರೋಪ ಪಟ್ಟಿಯಲ್ಲಿ ಅಪರಾಧ ಸಂಚಿನ ಕಲಂ ಅಡಿ ಅವರ ಹೆಸರೂ ಇತ್ತು. 2012ರಲ್ಲಿ ರಾಜ್ಯ ಸರ್ಕಾರದ ಕೋರಿಕೆಯಂತೆ ಊನಾ ನ್ಯಾಯಾಲಯ ಅವರ ಹೆಸರು ಕೈಬಿಟ್ಟಿತು. 2015ರ ಜುಲೈನಲ್ಲಿ ಹಿಮಾಚಲ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಅಂದರೆ ಕಾನೂನಿನ ಪ್ರಶ್ನೆ ಗಟ್ಟಿಯಾಗಿಯೇ ಉಳಿಯಿತು, ಬೇಹುಗಾರಿಕೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಲೇ ಇಲ್ಲ. 'ಬೇಹುಗಾರ' ಎಂದು ಓದಿದವರಿಗೆ 2012ರ ಸುದ್ದಿ 'ಎಲ್ಲ ಸುಳ್ಳು' ಎಂದು ಕೇಳಿಸಿತು, 2015ರದ್ದು 'ಎಲ್ಲ ನಿಜ' ಎಂದು. ಎರಡೂ ತಪ್ಪು. ಮೊದಲ ದಿನದ ಚೌಕಟ್ಟು ಓರೆಯಾಗಿದ್ದರೆ ನಾಲ್ಕು ವರ್ಷದ ನಂತರದ ಸರಿಯಾದ ಸುದ್ದಿಯೂ ಓರೆಯಾಗಿಯೇ ಕಾಣುತ್ತದೆ.

ನಮ್ಮ ಕಡೆಯ ಡೆಸ್ಕುಗಳಿಗೆ

ಬೈಲಕುಪ್ಪೆಯಲ್ಲಿ 1960ರ ಹೊತ್ತಿಗೆ ಆಗಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆಯಲ್ಲಿ ಮೊದಲ ವಸತಿ ಶುರುವಾಯಿತು. ಜನ ಬಂದು ಅರವತ್ತು ವರ್ಷ ದಾಟಿದರೂ ನಮ್ಮ ವರದಿಗಳಲ್ಲಿ ಅವರ ಕಾಗದಗಳ ಹೆಸರು ಇನ್ನೂ ಕಲಸುಮೇಲೋಗರ. ಆರ್‌ಸಿ ಎಂದರೆ ಭಾರತ ಸರ್ಕಾರ ಕೊಡುವ ನೋಂದಣಿ ಪತ್ರ, ಇಲ್ಲಿ ನೆಲೆಸಲು ಅದು ಬೇಕು, ಕಾಲಕಾಲಕ್ಕೆ ನವೀಕರಣ ಆಗಬೇಕು. ಐಸಿ ಎಂದರೆ ವಿದೇಶ ಪ್ರಯಾಣಕ್ಕೆ ಭಾರತವೇ ಕೊಡುವ ಹಳದಿ ಪುಸ್ತಕ. ಹಸಿರು ಪುಸ್ತಕ ಧರ್ಮಶಾಲಾದ ಕೇಂದ್ರ ಟಿಬೆಟಿಯನ್ ಆಡಳಿತ ಕೊಡುವುದು. ಅವರ ಚುನಾವಣೆಗೆ ಲೆಕ್ಕಕ್ಕೆ ಬರುವುದು ಅದು, ಭಾರತದ ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. 'ಅಕ್ರಮವಾಗಿ ನೆಲೆಸಿದ ಟಿಬೆಟಿಯನ್' ಎಂದು ಬರೆಯುವ ಮುಂಚೆ ಯಾವ ಪುಸ್ತಕದ ಅವಧಿ ಮುಗಿದಿದೆ ಎಂದು ಕೇಳಬೇಕು. ಆರ್‌ಸಿ ನವೀಕರಣ ಎರಡು ತಿಂಗಳು ತಡವಾಗುವುದಕ್ಕೂ ನುಸುಳಿ ಬರುವುದಕ್ಕೂ ಅಜಗಜಾಂತರ.

ಮತದಾನವೂ ಹಾಗೆಯೇ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಪೌರತ್ವ ಕಾಯ್ದೆಯಂತೆ ಹುಟ್ಟಿನಿಂದಲೇ ಭಾರತೀಯರು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಇದನ್ನೇ ಹೇಳಿತು. 2014ರ ಲೋಕಸಭಾ ಚುನಾವಣೆಗೆ ಮುಂಚೆ ಇಂಥವರ ಹೆಸರು ಮತದಾರರ ಪಟ್ಟಿಗೆ ಸೇರಿತು. 'ಮತಪಟ್ಟಿಯಲ್ಲಿ ನಿರಾಶ್ರಿತರು!' ಎಂಬ ಶೀರ್ಷಿಕೆ ಇಡುವ ಮೊದಲು ಹುಟ್ಟಿದ ತಾರೀಖು ನೋಡಿದರೆ ಆಶ್ಚರ್ಯಸೂಚಕ ಚಿಹ್ನೆ ತಾನಾಗಿ ಉದುರುತ್ತದೆ. ಒಳಗಿನ ರಾಜಕೀಯ ಅಸಲಿಗೆ ಇರುವುದೂ ಇಲ್ಲೇ: ಭಾರತೀಯ ಪೌರತ್ವ ತೆಗೆದುಕೊಂಡರೆ ಟಿಬೆಟ್‌ನ ಹೋರಾಟ ಸಡಿಲವಾಗುತ್ತದೆಯೇ ಎಂದು ಅಪ್ಪ ಮಗನ ನಡುವೆ ನಡೆಯುವ ವಾದ ಚೀನಾದ ಸಂಚಿಗಿಂತ ನೂರುಪಟ್ಟು ದೊಡ್ಡ ಸುದ್ದಿ.

ಪದಗಳ ಬಗ್ಗೆ ಎರಡು ಮಾತು. 'ಜೀವಂತ ಬುದ್ಧ' ಎಂಬುದು ಚೀನೀ ಭಾಷೆಯಿಂದ ಬಂದ ಮಾತು, ಟಿಬೆಟಿಯನ್ನರು ಟುಲ್ಕು, ರಿನ್‌ಪೋಚೆ ಎನ್ನುತ್ತಾರೆ. ಧರ್ಮಶಾಲಾದ ಆಡಳಿತವನ್ನು 'ಟಿಬೆಟ್ ಸರ್ಕಾರ' ಎಂದು ಬರೆದರೆ ಭಾರತ ಅದನ್ನು ಸರ್ಕಾರವೆಂದು ಮಾನ್ಯ ಮಾಡಿಲ್ಲ ಎಂಬುದು ಮರೆಯಾಗುತ್ತದೆ. ಚೀನಾದ ಅಧಿಕೃತ ಮಾಧ್ಯಮದ 'ದಲೈ ಕೂಟ'ವನ್ನು ಉದ್ಧರಣ ಚಿಹ್ನೆಯಿಲ್ಲದೆ ಎತ್ತಿಕೊಂಡರೆ ಅವರ ವಾದವನ್ನು ನಾವೇ ಹೊತ್ತಂತೆ.

ಆ ಲಾಮಾ 2017ರಲ್ಲಿ ಭಾರತ ಬಿಟ್ಟು ಹೋದರು. 2018ರಲ್ಲಿ ಕೆರಿಬಿಯನ್‌ನ ಡೊಮಿನಿಕಾ ದ್ವೀಪದ ಪಾಸ್‌ಪೋರ್ಟ್ ಪಡೆದಿರುವುದು ಗೊತ್ತಾದಾಗ ಹಳೆಯ ಶೀರ್ಷಿಕೆಗಳು ಧೂಳು ಕೊಡವಿ ಎದ್ದವು. ವಿಷಯ ಮತ್ತೆ ಒಂದು ಕಾಗದದ್ದೇ: ಹಳದಿ ಪುಸ್ತಕದ ಜಾಗದಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಬಂದರೆ ಭಾರತಕ್ಕೆ ಮರಳಲು ವೀಸಾ ಬೇಕು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪೀಠದ ಇಬ್ಬರು ಹಕ್ಕುದಾರರು ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಮೊದಲ ಬಾರಿ ಎದುರುಬದುರು ಕೂತು ಮಾತಾಡಿ, ಪರಂಪರೆಯ ಬಿರುಕು ಮುಚ್ಚಬೇಕೆಂದು ಜಂಟಿ ಹೇಳಿಕೆ ಕೊಟ್ಟರು.